ಹಳೇ ಜಾವಾ ಕೋಡಿನಲ್ಲಿ ಆಗೊಮ್ಮೆ ಈಗೊಮ್ಮೆ ತಪ್ಪು ತಾರೀಖು ಬರುತ್ತದೆ. ಎಲ್ಲ ಮೆಥಡ್‌ಗೂ ಸಿಂಕ್ರೊನೈಸ್ಡ್ (ಒಂದೇ ಸಲ ಇಬ್ಬರು ನುಗ್ಗದಂತೆ ತಡೆಯುವ ಬೀಗ) ಹಾಕಿದರೂ ಸರಿಹೋಗಿಲ್ಲ. ಪೂರ್ತಿ ಹೊಸದಾಗಿ ಬರೆಯಲೇ?

ಬೇಡ, ಹೊಸದಾಗಿ ಬರೆಯಬೇಡಿ. ನೀವು ಹೇಳಿದ್ದು ನೋಡಿದರೆ ನನಗೆ ಒಂದೇ ಸಾಲಿನ ಮೇಲೆ ಅನುಮಾನ. ಕೋಡಿನಲ್ಲಿ ಎಲ್ಲಾದರೂ ಸ್ಟ್ಯಾಟಿಕ್ (ಎಲ್ಲ ಆಬ್ಜೆಕ್ಟ್‌ಗಳೂ ಹಂಚಿಕೊಳ್ಳುವ) ಸಿಂಪಲ್‌ಡೇಟ್‌ಫಾರ್ಮ್ಯಾಟ್, ಅಂದರೆ ತಾರೀಖು ಓದಿ ಬರೆಯುವ ಹಳೇ ಫಾರ್ಮ್ಯಾಟರ್, ಇದೆಯಾ ಹುಡುಕಿ. ಇದೇ ಗುಂಡಿಗೆ ಬಿದ್ದು ನಾನು ಎರಡು ವಾರ ಒದ್ದಾಡಿದ್ದೇನೆ.

ಅದು ತನ್ನೊಳಗೆ ಒಂದು ಕ್ಯಾಲೆಂಡರ್ ಆಬ್ಜೆಕ್ಟ್ ಇಟ್ಟುಕೊಂಡಿರುತ್ತದೆ. ಒಂದು ಥ್ರೆಡ್ (ಪ್ರೋಗ್ರಾಮ್‌ನೊಳಗೆ ಒಟ್ಟೊಟ್ಟಿಗೆ ಓಡುವ ಕೆಲಸಗಳಲ್ಲಿ ಒಂದು) ಅದರಲ್ಲಿ ತಾರೀಖು ತುಂಬುತ್ತಿರುವಾಗಲೇ ಇನ್ನೊಂದು ಬಂದು ಅಳಿಸಿಬಿಡುತ್ತದೆ. ಕೆಲವು ಸಲ ಎಕ್ಸೆಪ್ಷನ್ (ತಪ್ಪಾಗಿದೆ ಅನ್ನುವ ಸೂಚನೆ) ಬರುತ್ತದೆ, ಅದು ನಮ್ಮ ಪುಣ್ಯ. ಸದ್ದಿಲ್ಲದೆ ಬೇರೆಯವರ ತಾರೀಖು ಬಂದು ಕೂತಾಗಲೇ ಜಾಸ್ತಿ ಕಷ್ಟ.

ಸಿಂಕ್ರೊನೈಸ್ಡ್ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಸ್ಟ್ಯಾಟಿಕ್ ಅಲ್ಲದ ಮೆಥಡ್‌ಗೆ ಅದನ್ನು ಹಾಕಿದಾಗ ಬೀಗ ಬೀಳುವುದು ಆ ಒಂದು ಆಬ್ಜೆಕ್ಟ್‌ಗೆ ಮಾತ್ರ. ಹತ್ತು ಆಬ್ಜೆಕ್ಟ್ ಇದ್ದರೆ ಹತ್ತು ಬೀಗ, ಫಾರ್ಮ್ಯಾಟರ್ ಮಾತ್ರ ಒಂದೇ. ಒಂದೇ ಕೋಣೆಗೆ ಹತ್ತು ಬಾಗಿಲಿಟ್ಟು ಒಂದೊಂದಕ್ಕೂ ಬೇರೆ ಕೀಲಿ ಕೊಟ್ಟ ಹಾಗಾಯಿತು, ಅಲ್ವಾ?

ಸರಿ ಮಾಡುವ ಮುಂಚೆ ತಪ್ಪನ್ನು ಬೇಕೆಂದಾಗ ಬರುವ ಹಾಗೆ ಮಾಡಿಕೊಳ್ಳಿ. 20 ಥ್ರೆಡ್ ಎಬ್ಬಿಸಿ, ಕೌಂಟ್‌ಡೌನ್‌ಲ್ಯಾಚ್‌ನಿಂದ ಎಲ್ಲವನ್ನೂ ಒಟ್ಟಿಗೆ ಬಿಟ್ಟು, ಒಂದೊಂದಕ್ಕೂ ಬೇರೆ ತಾರೀಖು ಕೊಟ್ಟು 10,000 ಸಲ ಪಾರ್ಸ್ ಮಾಡಿಸಿ (ಅಕ್ಷರಗಳಿಂದ ತಾರೀಖಾಗಿ ಓದಿಸಿ), ಕೊಟ್ಟದ್ದೇ ವಾಪಸ್ ಬಂತಾ ನೋಡಿ. ಸುಮ್ನೆ ಪ್ರಿಂಟ್ ಹಾಕಿಕೊಂಡು ಹುಡುಕಬೇಡಿ. ಪ್ರಿಂಟ್‌ಎಲ್‌ಎನ್ ಒಳಗೇ ಒಂದು ಬೀಗ ಇದೆ, ಥ್ರೆಡ್‌ಗಳು ಅಲ್ಲಿ ಸಾಲು ನಿಂತು ತಪ್ಪೇ ಮಾಯವಾಗುತ್ತದೆ. ನಾನು ಎರಡು ವಾರ ಕಳೆದದ್ದು ಹೀಗೇ.

ಆಮೇಲೆ ಡೇಟ್‌ಟೈಮ್‌ಫಾರ್ಮ್ಯಾಟರ್‌ಗೆ ಬದಲಿಸಿ. 2014ರ ಜಾವಾ 8ರಿಂದ ಇದೆ, ಒಮ್ಮೆ ಮಾಡಿದ ಮೇಲೆ ಬದಲಾಗುವುದಿಲ್ಲ, ಬೀಗವೇ ಬೇಡ. ಆದರೆ ಕಣ್ಣುಮುಚ್ಚಿ ಬದಲಿಸಬೇಡಿ. 31/02/2023 ಕೊಟ್ಟರೆ ಹಳೆಯದು ಮಾರ್ಚ್ 3 ಅನ್ನುತ್ತದೆ, ಹೊಸದು ಫೆಬ್ರವರಿ 28 ಅನ್ನುತ್ತದೆ, ಎರಡೂ ಬಾಯಿಬಿಟ್ಟು ತಪ್ಪು ಅನ್ನುವುದಿಲ್ಲ. ಹೊಸದನ್ನು ಸ್ಟ್ರಿಕ್ಟ್ ಮಾಡಿದರೆ ಎಕ್ಸೆಪ್ಷನ್ ಬರುತ್ತದೆ, ಆಗ ಪ್ಯಾಟರ್ನ್‌ನಲ್ಲಿ ವರ್ಷಕ್ಕೆ ನಾಲ್ಕು 'ವೈ' ಬದಲು ನಾಲ್ಕು 'ಯು' ಬರೆಯಬೇಕು. ಹಾಗಾಗಿ ಹಳೇ ಕೋಡ್ ಇಂಥ ಕೆಟ್ಟ ತಾರೀಖಿಗೆ ಈಗ ಏನು ಕೊಡುತ್ತಿದೆ ಅಂತ ಮೊದಲು ಟೆಸ್ಟ್‌ನಲ್ಲಿ ಬರೆದಿಡಿ. ಆ ಮಾರ್ಚ್ 3ನ್ನೇ ನಂಬಿಕೊಂಡು ಯಾವುದೋ ರಿಪೋರ್ಟ್ ಓಡುತ್ತಿರಬಹುದು.

ಥ್ರೆಡ್‌ಗಳು ಹ್ಯಾಶ್‌ಮ್ಯಾಪ್ (ಹೆಸರು ಕೊಟ್ಟರೆ ಅದರ ಮೌಲ್ಯ ಕೊಡುವ ಪಟ್ಟಿ) ಹಂಚಿಕೊಂಡಿದ್ದರೆ ಅದನ್ನೂ ನೋಡಿ. ಅದರ ಬದಲು ಹಲವು ಥ್ರೆಡ್‌ಗೆಂದೇ ಇರುವ ಕಾನ್‌ಕರೆಂಟ್‌ಹ್ಯಾಶ್‌ಮ್ಯಾಪ್ ಹಾಕಿದರೆ ಸಾಲದು, 'ಇದೆಯಾ ನೋಡು, ಇಲ್ಲದಿದ್ದರೆ ಹಾಕು' ಅಂತ ಎರಡು ಹೆಜ್ಜೆಯಲ್ಲಿ ಬರೆದಿದ್ದರೆ ನಡುವೆ ಇನ್ನೊಂದು ಥ್ರೆಡ್ ನುಗ್ಗುತ್ತದೆ. ಎರಡನ್ನೂ ಒಂದೇ ಹೆಜ್ಜೆಯಲ್ಲಿ ಮಾಡುವ ಕಂಪ್ಯೂಟ್‌ಇಫ್‌ಆಬ್ಸೆಂಟ್ ಬಳಸಿ.

ಕೊನೆಗೆ ಆ ಸಿಂಕ್ರೊನೈಸ್ಡ್‌ಗಳು. ಒಂದೇ ಕಮಿಟ್‌ನಲ್ಲಿ ಎಲ್ಲ ಕಿತ್ತುಹಾಕಬೇಡಿ. ಅವುಗಳಲ್ಲಿ ಒಂದೆರಡು ನಿಮಗೇ ಗೊತ್ತಿಲ್ಲದೆ ಬೇರೆ ಯಾವುದೋ ಫೀಲ್ಡ್ ಕಾಯುತ್ತಿರಬಹುದು. ಒಂದೊಂದರ ಮುಂದೆಯೂ ಅದು ಯಾವ ಫೀಲ್ಡ್ ಕಾಯುತ್ತಿದೆ ಅಂತ ಕಾಮೆಂಟ್ ಬರೆಯಿರಿ, ಬರೆಯಲು ಏನೂ ಸಿಗದಿದ್ದರೆ ಅದನ್ನು ತೆಗೆಯಿರಿ.