ಮರದ ಹಮ್ಮಿಂಗ್‌ಬರ್ಡ್‌ಗೆ ಹರಳು ಕೂರಿಸೋದು ಹೇಗೆ?

ತೇಗದಲ್ಲಿ ಕೆತ್ತಿದ ಹಮ್ಮಿಂಗ್‌ಬರ್ಡ್‌ನ ಕೊಕ್ಕು ಎರಡು ಸಲ ಮುರಿಯಿತು, ಕೊರಳಿಗೆ ಯಾವ ಹರಳು ಹಾಕಲಿ ಅಂತ ಕೇಳಿದ್ದೀರಿ. ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ 11 ವರ್ಷದಿಂದ ಸಣ್ಣ ಹಕ್ಕಿಗಳನ್ನೇ ಕೆತ್ತುತ್ತಿದ್ದೇನೆ.

ಮರದ ಎಳೆ ಕೊಕ್ಕಿನ ಉದ್ದಕ್ಕೇ ಹೋಗಬೇಕು. ಅಡ್ಡ ಬಂದರೆ ಎಷ್ಟು ನಾಜೂಕಾಗಿ ಕೆತ್ತಿದರೂ ನಿಲ್ಲುವುದಿಲ್ಲ. ರೆಕ್ಕೆಗೂ ಅಷ್ಟೇ. ಅದಕ್ಕೇ ರೆಕ್ಕೆಗಳನ್ನು ಬೇರೆ ತುಂಡಿನಲ್ಲಿ ಕೆತ್ತಿ ಅಂಟಿಸಿ. ಕೊಕ್ಕನ್ನಂತೂ ನಾನೀಗ ಹಿತ್ತಾಳೆ ತಂತಿಯಲ್ಲೇ ಮಾಡಿ, ತುದಿಯನ್ನು ಅರದಿಂದ ಚೂಪು ಮಾಡುತ್ತೇನೆ. ಮೈಗೆ ತೇಗಕ್ಕಿಂತ ಶಿವನಿ ಮರ ಒಳ್ಳೆಯದು, ಉಳಿಗೆ ಸುಲಭವಾಗಿ ಬಗ್ಗುತ್ತೆ. ಮುಂಬೈನ ರೇ ರೋಡಿನ ಮರದ ವಖಾರಿಗಳಲ್ಲಿ ಕೇಳಿದರೆ ಸಣ್ಣ ತುಂಡೂ ಸಿಗುತ್ತೆ.

ಒಂದು ಮಾತು, ಮನೆ ಮುಂದಿನ ಸೂರಕ್ಕಿ ನೋಡಿ ಕೆತ್ತಬೇಡಿ. ಹಮ್ಮಿಂಗ್‌ಬರ್ಡ್ ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ. ಸೂರಕ್ಕಿ ಹೆಚ್ಚಾಗಿ ಕೊಂಬೆ ಹಿಡಿದು ಕೂತೇ ಮಕರಂದ ಕುಡಿಯುತ್ತೆ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲೇ ನಿಂತು ಕುಡಿಯುತ್ತೆ. ನಿಲುವೇ ಬೇರೆ ಅಲ್ವಾ?

ಇನ್ನು ಹರಳು. ಆ ಹಕ್ಕಿಯ ಕೊರಳಿನ ಮಿಂಚು ಗರಿಯೊಳಗಿನ ತೆಳು ಪದರಗಳಿಗೆ ಬೆಳಕು ತಾಗಿ ಹುಟ್ಟುತ್ತೆ. ಸ್ವಲ್ಪ ತಿರುಗಿದರೆ ಕಪ್ಪಗೆ ಕಾಣುತ್ತೆ. ಲ್ಯಾಬ್ರಡೊರೈಟ್ ಹರಳಿನ ಮಿಂಚೂ ಒಳಗಿನ ಪದರಗಳಿಂದಲೇ ಬರೋದು. ಝವೇರಿ ಬಜಾರಿನಿಂದ ತಂದ ಹರಳನ್ನು ಕಿಟಕಿ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸುತ್ತೇನೆ. ಬೂದು ಕಲ್ಲಿನಲ್ಲಿ ಫಕ್ಕನೆ ನೀಲಿ ಹೊತ್ತಿಕೊಳ್ಳುತ್ತೆ. ಆ ಕೋನಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಹಾಗೇ ಕೂರಿಸುತ್ತೇನೆ. ಕೆಂಪು ಕೊರಳು ಬೇಕಿದ್ದರೆ ಗಾರ್ನೆಟ್ ಹಾಕಿ. ಹಸಿರಿಗೆ ಮಾಲಾಕೈಟ್ ಚೆಂದ, ಆದರೆ ಅದರ ಪುಡಿ ಉಸಿರಿನಲ್ಲಿ ಹೋಗಬಾರದು. ಮಾಸ್ಕ್ ಹಾಕಿ, ನೀರು ಬಿಟ್ಟುಕೊಂಡೇ ಉಜ್ಜಿ.

ನಾನು ಮಾಡಿದ ದೊಡ್ಡ ತಪ್ಪು ಕೂರಿಸೋದರಲ್ಲಿ. ಜುಲೈ ಮಳೆಯಲ್ಲಿ ಗುಳಿ ತೋಡಿ ಹರಳನ್ನು ಬಿಗಿಯಾಗಿ ಒತ್ತಿದ್ದೆ. ಜನವರಿಗೆ ಮರ ಒಣಗಿ ಕುಗ್ಗಿತು, ಕಲ್ಲು ಕುಗ್ಗಲಿಲ್ಲ. ಕೊರಳಿನಿಂದ ಎದೆವರೆಗೆ ಸೀಳು. ಮಗಳ ಹುಟ್ಟುಹಬ್ಬಕ್ಕೆಂದು ಮಾಡಿದ್ದ ಹಕ್ಕಿ ಅದು, ತುಂಬಾ ಬೇಜಾರಾಯಿತು. ಈಗ ಮರ ಚೆನ್ನಾಗಿ ಒಣಗಿದ ಮೇಲೆ, ಚಳಿಗಾಲದಲ್ಲೇ ಕೂರಿಸುತ್ತೇನೆ. ಸುತ್ತ ಕೂದಲೆಳೆಯಷ್ಟು ಜಾಗ ಬಿಟ್ಟು ಎಪಾಕ್ಸಿ ಅಂಟು ತುಂಬುತ್ತೇನೆ. ಎಣ್ಣೆ ಹಚ್ಚೋದು ಕೊನೆಗೆ. ಮೊದಲೇ ಹಚ್ಚಿದರೆ ಅಂಟು ಹಿಡಿಯುವುದಿಲ್ಲ. ಹರಳು ಕೂತ ಮೇಲೆ ಅದರ ಸುತ್ತ ಪಾಲಿಶ್ ಪೇಪರ್ ಆಡಿಸಬೇಡಿ. ಕಲ್ಲು ಗಟ್ಟಿ, ಮರ ಮೆದು, ಸುತ್ತಲೂ ತಗ್ಗು ಬೀಳುತ್ತೆ.