ಕಿಲುಬು ಹಿಡಿದಿದ್ದೆಲ್ಲ ಹಳೆಯದಲ್ಲ

ಪ್ರಶ್ನೆ: ಅಜ್ಜನ ಟ್ರಂಕಿನಲ್ಲಿ ಹಿತ್ತಾಳೆಯ ಟೋಪಿ ಬ್ಯಾಡ್ಜ್ ಸಿಕ್ಕಿದೆ. ಕಹಳೆ, ಅದರ ಮೇಲೆ ಕಿರೀಟ, ಮೈತುಂಬ ಹಸಿರು ಕಿಲುಬು. ಅಜ್ಜ ಎರಡನೇ ಮಹಾಯುದ್ಧದಲ್ಲಿ ಮರಾಠಾ ಪಡೆಯಲ್ಲಿದ್ದರಂತೆ. ಕಿಲುಬಿದ್ದರೆ ಅಸಲಿ ಎನ್ನುತ್ತಾರೆ, ನಿಜವೇ? ತೊಳೆದು ಫ್ರೇಮ್ ಹಾಕಿಸಬಹುದೇ? (ಕಾರವಾರದ ಓದುಗರು)

ಉತ್ತರ: ದಯವಿಟ್ಟು ತೊಳೆಯಬೇಡಿ. ಹುಣಸೆಹುಳಿ, ಬೂದಿ, ಪೀತಾಂಬರಿ ಪುಡಿ ದೇವರ ದೀಪಕ್ಕಿರಲಿ. ಸಿಪಾಯಿಗಳು ಬ್ಯಾಡ್ಜನ್ನು ಪಾಲಿಶ್ ಹಾಕಿ ಉಜ್ಜುತ್ತಿದ್ದರು; ಆ ಪಾಲಿಶಿನ ಬಿಳಿ ಪುಡಿ ಅಕ್ಷರಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಒಮ್ಮೆ ತಿಕ್ಕಿದರೆ ಆ ಗುರುತು ಹೋಯಿತು.

ಕಿಲುಬನ್ನು ನಂಬಬೇಡಿ. ಕಡಲ ಉಪ್ಪುಗಾಳಿಗೆ ಹೊಸ ಹಿತ್ತಾಳೆಯೂ ಮಳೆಗಾಲದಲ್ಲಿ ಬೇಗ ಹಸಿರಾಗುತ್ತದೆ. ಉಪ್ಪು, ವಿನೆಗರ್ ಹಚ್ಚಿ ಅದನ್ನು ತರಿಸುವವರೂ ಇದ್ದಾರೆ. ಸವೆತ ಎಲ್ಲಿದೆ ಎಂದು ನೋಡಿ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಬ್ಯಾಡ್ಜನ್ನು ಕಿಟಕಿಯ ಓರೆಬೆಳಕಿಗೆ ತಿರುಗಿಸಿ. ಕೈ ಹೆಚ್ಚು ತಾಗುವ ಉಬ್ಬುಗಳು, ಅಂದರೆ ಕಿರೀಟದ ನೆತ್ತಿ, ಕಹಳೆಯ ಹೊಟ್ಟೆ ನುಣ್ಣಗಾಗಿ, ತಗ್ಗುಗಳು ಚೂಪಾಗಿ ಉಳಿದಿರಬೇಕು. ಮುಂದೆ ಹಿಂದೆ ಎಲ್ಲವೂ ಒಂದೇ ಸಮ ಮಂಕಾಗಿದ್ದರೆ ಅನುಮಾನಿಸಿ. ಹಿಂಬದಿಯ ಕೊಂಡಿಗಳ ಒಳಗೂ ನೋಡಿ: ಬ್ಯಾಡ್ಜನ್ನು ಟೋಪಿಗೆ ಹಿಡಿದಿಡುವ ಪಿನ್ನು ವರ್ಷಗಟ್ಟಲೆ ಉಜ್ಜಿದ್ದರೆ ಅಲ್ಲೊಂದು ಸಣ್ಣ ಹಳ್ಳ ಬಿದ್ದಿರುತ್ತದೆ. ನಕಲು ಮಾಡುವವರು ಸಾಮಾನ್ಯವಾಗಿ ಮರೆಯುವ ಜಾಗ ಅದು. ಕೊಂಡಿಯ ಬುಡದಲ್ಲಿ ಸೀಸದ ಬೆಸುಗೆ ಹೊಳೆಯುತ್ತಿದ್ದರೆ ಅದು ಈಚಿನ ಕೆಲಸ, ಮುರಿದ ಕೊಂಡಿಯ ದುರಸ್ತಿಯೂ ಇದ್ದೀತು.

ಕಿರೀಟ ಕಾಲವನ್ನು ಹೇಳುತ್ತದೆ. ಕಮಾನುಗಳು ಗುಮ್ಮಟದಂತೆ ದುಂಡಗೆ ಏರಿದ್ದರೆ ಅದು ರಾಜಕಿರೀಟ, 1901ರಿಂದ 1952ರವರೆಗಿನದು. ಕಮಾನು ನಡುವೆ ತಗ್ಗಿ, ಎರಡು ಭುಜ ಎದ್ದಂತಿದ್ದರೆ 1953ರ ನಂತರದ ರಾಣಿಕಿರೀಟ. ಭಾರತೀಯ ಸೇನೆ 1950ರಲ್ಲೇ ಕಿರೀಟ ಬಿಟ್ಟು ಸಿಂಹಲಾಂಛನ ತಂದಿತು. ಹಾಗಾಗಿ ಮರಾಠಾ ಪಡೆಯ ಹೆಸರಿನ ಜೊತೆ ರಾಣಿಕಿರೀಟ ಕಂಡರೆ ಅದು ಮಾರಾಟಕ್ಕೆಂದೇ ಮಾಡಿದ್ದು. ಕಹಳೆಯಂತೂ ಲೈಟ್ ಇನ್‌ಫೆಂಟ್ರಿಗಳ (ಹಗುರ ಪದಾತಿ ಪಡೆಗಳ) ಸಾಮಾನ್ಯ ಗುರುತು. ಪಡೆ ಯಾವುದೆಂದು ಬ್ಯಾಡ್ಜಿನ ಮೇಲಿನ ಪಟ್ಟಿಯ ಬರಹವನ್ನೇ ಓದಬೇಕು. ಮರಾಠಾ ಪಡೆಯ ಹೆಸರಿನಲ್ಲಿ ‘5’ ಎಂಬ ಅಂಕಿ 1922ರಿಂದ 1945ರವರೆಗೆ ಇತ್ತು.

ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ನಕಲು ತುಸು ಕುಗ್ಗುತ್ತದೆ, ಹಿತ್ತಾಳೆಗೆ ಸುಮಾರು ಶೇ. 1.5. 40 ಮಿ.ಮೀ.ಗೆ 0.6 ಮಿ.ಮೀ. ಕಡಿಮೆ. ಖಚಿತವಾದ ಅಸಲಿಯ ಪಕ್ಕ ಇಟ್ಟು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದರೆ ಗೊತ್ತಾಗುತ್ತದೆ. ಆದರೆ ಎರಕದ ಸಣ್ಣ ಗುಳಿಗಳನ್ನು ಕಂಡೊಡನೆ ನಕಲಿ ಎನ್ನಬೇಡಿ. ಭಾರತದಲ್ಲೇ ಮರಳಿನ ಎರಕದಲ್ಲಿ ಮಾಡಿದ ಒರಟು ಬ್ಯಾಡ್ಜುಗಳನ್ನೂ ಸಿಪಾಯಿಗಳು ಧರಿಸಿದ್ದಾರೆ. ಈ ಆತುರದಲ್ಲಿ ಎಷ್ಟೋ ಮನೆಯ ಒಳ್ಳೆಯ ವಸ್ತುಗಳು ಗುಜರಿ ಸೇರಿವೆ.

ಪಿ.ವಿ.ಸಿ. ಕವರಿಗೆ ಹಾಕಬೇಡಿ. ಹತ್ತಿಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಡಬ್ಬಿಯಲ್ಲಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೊಟ್ಟಣ ಬದಲಿಸುತ್ತಿರಿ. ಅದೇ ಟ್ರಂಕಿನಲ್ಲಿ ಅಜ್ಜನ ಬಿಡುಗಡೆ ಪತ್ರ ಇದೆಯೇ ಹುಡುಕಿ. ಸಿಪಾಯಿ ನಂಬರ್ ಸಿಕ್ಕರೆ ಬ್ಯಾಡ್ಜಿಗಿಂತ ದೊಡ್ಡ ಸಾಕ್ಷಿ ಅದು.

ಪ್ರಶ್ನೆ: ಎರಡನೇ ಮಹಾಯುದ್ಧದ ಪದಕಗಳಾದ ಬರ್ಮಾ ಸ್ಟಾರ್ ಮತ್ತು ಪೆಸಿಫಿಕ್ ಸ್ಟಾರ್ ಎರಡೂ ಒಬ್ಬರದ್ದೇ ಎಂದು ಮಾರಾಟಕ್ಕಿವೆ. ಹೆಸರು ಕೆತ್ತಿಲ್ಲ. ಕೊಳ್ಳಲೇ? (ಶಿರಸಿಯ ಓದುಗರು)

ಉತ್ತರ: ಹೆಸರಿಲ್ಲದ್ದು ದೋಷವಲ್ಲ, ಬ್ರಿಟನ್ ಈ ಸ್ಟಾರುಗಳನ್ನು ಹೆಸರಿಲ್ಲದೆಯೇ ಕೊಟ್ಟಿತು. ಆದರೆ ಇವೆರಡೂ ಒಬ್ಬರಿಗೇ ಸಿಗುತ್ತಿರಲಿಲ್ಲ. ಎರಡಕ್ಕೂ ಅರ್ಹರಾದವರಿಗೆ ಒಂದು ಸ್ಟಾರು, ಅದರ ರಿಬ್ಬನ್ನಿಗೆ ಇನ್ನೊಂದರ ಹೆಸರಿನ ಪಟ್ಟಿ. ಪದಕಗಳು ಅಸಲಿಯೇ ಇರಬಹುದು, ಜೋಡಿ ಮಾತ್ರ ವ್ಯಾಪಾರಿ ಕೂಡಿಸಿದ್ದು. ಜೋಡಿಯ ಬೆಲೆ ಕೊಡಬೇಡಿ.