ದೇಶ ಮನಸ್ಸು ಮಾಡಿದರೆ ಶಾಲೆ ಬದಲಾಗುತ್ತಾ? ರಾಯಚೂರು ಕಡೆಯ ಮಾಸ್ತರನ ಉತ್ತರ

ನೀವು ಕೇಳಿದ್ದು ಎರಡು ಪ್ರಶ್ನೆ. ನೀತಿ ಮೇಲೆ ನೀತಿ ಬರುತ್ತಲೇ ಇವೆ, ಒಂದು ದೇಶ ನಿಜವಾಗಿ ಮನಸ್ಸು ಮಾಡಿದರೆ ಫಿನ್ಲೆಂಡ್ ತರ ಶಿಕ್ಷಣವನ್ನು ಬದಲಾಯಿಸೋಕೆ ಆಗುತ್ತಾ ಅನ್ನುವುದು ಮೊದಲನೆಯದು. ಸಿಂಧನೂರಿಗೆ ಮನೆ ಬದಲಿಸುತ್ತಿದ್ದೀರಿ, ಮಗಳನ್ನು ಅಲ್ಲಿ ಸರ್ಕಾರಿ ಶಾಲೆಗೆ ಹಾಕಬಹುದಾ ಅನ್ನುವುದು ಎರಡನೆಯದು.

ನಾನು ಲಿಂಗಸುಗೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮಾಸ್ತರ. 2003ರಲ್ಲಿ ಕೆಲಸಕ್ಕೆ ಸೇರಿದೆ. ನನ್ನ ಉತ್ತರ: ಆಗುತ್ತೆ. ಒಂದು ಸಲ ಆಗಿದ್ದನ್ನು ಹತ್ತಿರದಿಂದ ನೋಡಿದ್ದೇನೆ. ಅದು ಬಿಸಿಯೂಟ.

ನಗಬೇಡಿ. 1995ರಲ್ಲಿ ಕೇಂದ್ರದ ಯೋಜನೆ ಬಂದಾಗ ನಮ್ಮ ಕಡೆ ಊಟ ಇರಲಿಲ್ಲ, ಹಾಜರಿ ಸರಿಯಿದ್ದ ಮಗುವಿಗೆ ತಿಂಗಳಿಗೆ 3 ಕೆಜಿ ಅಕ್ಕಿ ಇತ್ತು. ಚೀಲ ಮನೆಗೆ ಹೋಗುತ್ತಿತ್ತು, ಮನೆಮಂದಿಯೆಲ್ಲ ಉಣ್ಣುತ್ತಿದ್ದರು. ಮಧ್ಯಾಹ್ನ ಮನೆಗೆ ಹೋದ ಮಗು ಮಾತ್ರ ತಿರುಗಿ ಶಾಲೆಗೆ ಬರುತ್ತಿರಲಿಲ್ಲ. ಅವ್ವ ಹೊಲದಲ್ಲಿ, ಒಲೆ ತಣ್ಣಗೆ. ಆಡು ಹೊಡೆದುಕೊಂಡು ಹೋಗೋದೋ, ತಮ್ಮನನ್ನು ಎತ್ತಿಕೊಳ್ಳೋದೋ ಏನೋ ಒಂದು ಕೆಲಸ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶ ಮಾಡಿತು. 2002ರಲ್ಲಿ ಕರ್ನಾಟಕದಲ್ಲಿ ಅಕ್ಷರ ದಾಸೋಹ ಅನ್ನುವ ಹೆಸರಲ್ಲಿ ಬಿಸಿಯೂಟ ಶುರುವಾಯಿತು. ಶುರುವಾಗಿದ್ದು ಬೆಂಗಳೂರಿನಲ್ಲಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದಂತೆ ಈ ಕಡೆಯ ಏಳು ಜಿಲ್ಲೆಗಳಲ್ಲಿ. ಉಳಿದ ಜಿಲ್ಲೆಗಳಿಗೆ ಆಮೇಲೆ ಹೋಯಿತು. ನಾನು ಸೇರುವ ಹೊತ್ತಿಗೆ ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಪಾಠ ಅನ್ನುವುದು ಒಂದಿತ್ತು. ಅದಕ್ಕೂ ಮೊದಲು ಇದ್ದದ್ದು ಹಾಜರಿ ಪುಸ್ತಕದಲ್ಲಿ ಮಾತ್ರ ಎಂದು ಹಿರಿಯ ಮಾಸ್ತರರೇ ಹೇಳುತ್ತಿದ್ದರು.

ಬಿಸಿಯೂಟ ಮಾತ್ರ ಯಾಕೆ ಗಟ್ಟಿಯಾಗಿ ನೆಲೆಯೂರಿತು ಅಂತ ಬಹಳ ಸಲ ಯೋಚಿಸಿದ್ದೇನೆ. ಒಲೆ ಹತ್ತಿದೆಯೋ ಇಲ್ಲವೋ ಅನ್ನುವುದು ಊರಿಗೆಲ್ಲ ಕಾಣುತ್ತೆ. ಒಂದು ದಿನ ಅಡುಗೆ ತಡವಾದರೆ ಒಂದು ಗಂಟೆಗೆ ನಾಲ್ಕು ಜನ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಪಾಠ ಯಾಕೆ ಆಗಿಲ್ಲ ಅಂತ ಕೇಳೋಕೆ ಬಂದವರನ್ನು ಇಷ್ಟು ವರ್ಷದಲ್ಲಿ ಬೆರಳಲ್ಲಿ ಎಣಿಸಬಹುದು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56, ಹೆಂಗಸರದ್ದು ಶೇ 50ಕ್ಕೂ ಕಡಿಮೆ. ಅನ್ನ ಬೆಂದಿದೆಯೋ ಇಲ್ಲವೋ ಆ ತಾಯಿಗೆ ಮುಟ್ಟಿದರೆ ಗೊತ್ತು. ಮಗನ ನೋಟ್‌ಬುಕ್‌ನಲ್ಲಿ ಒತ್ತಕ್ಷರ ತಪ್ಪಿದೆಯಾ ಅಂತ ಯಾರನ್ನು ಕೇಳಬೇಕು?

ಇನ್ನು ದೊಡ್ಡ ಸಂಕಲ್ಪಗಳ ಕಥೆ. ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಇಡಿ ಎಂದು ಕೊಠಾರಿ ಆಯೋಗ ಹೇಳಿದ್ದು 1966ರಲ್ಲಿ. 1968ರ ನೀತಿ ಅದನ್ನೇ ಹೇಳಿತು, 1986ರದ್ದೂ ಹೇಳಿತು, 2020ರದ್ದೂ ಹೇಳಿದೆ. ಆಗ ಆಗುತ್ತಿದ್ದ ಖರ್ಚು ಸುಮಾರು ಶೇ 4.43 ಎಂದು 2020ರ ನೀತಿಯಲ್ಲೇ ಬರೆದಿದ್ದಾರೆ. 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೊಠಡಿ, ಇಬ್ಬರು ಶಿಕ್ಷಕರು ಅನ್ನುವುದು ಗುರಿ. ಏಕೋಪಾಧ್ಯಾಯ ಶಾಲೆಗಳು ಇವತ್ತೂ ಇವೆ.

ನಮ್ಮಲ್ಲಿ 47 ಮಕ್ಕಳು, ಐದು ತರಗತಿ, ಇಬ್ಬರು ಮಾಸ್ತರರು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಸಾಕು. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಲೆಕ್ಕ ತಲೆ ಎಣಿಸುತ್ತೆ, ತರಗತಿ ಎಣಿಸಲ್ಲ. ಒಬ್ಬರು ಮೀಟಿಂಗಿಗೋ ಮತದಾರರ ಪಟ್ಟಿ ಕೆಲಸಕ್ಕೋ ಹೋದರೆ ಐದೂ ತರಗತಿ ಒಬ್ಬನ ಕೈಯಲ್ಲಿ. ಆಡುತ್ತಾ ಕಲಿಯುವ ನಲಿಕಲಿ ಪದ್ಧತಿ ಇರುವುದರಿಂದ ಸಣ್ಣ ತರಗತಿಗಳನ್ನು ಗುಂಪು ಮಾಡಿ, ಕಾರ್ಡು ಕೊಟ್ಟು ಹೇಗೋ ನಡೆಸುತ್ತೇವೆ. ಅದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಸರ್ಕಾರಿ ಶಿಕ್ಷಕರೇ ಸೇರಿ ಶುರು ಮಾಡಿದ್ದು ಅನ್ನುವುದು ನಮಗೊಂದು ಹೆಮ್ಮೆ.

ಫಿನ್ಲೆಂಡಿಗೆ ಬರೋಣ. ಅಲ್ಲಿ ಹೋಂವರ್ಕ್ ಇಲ್ಲ, ಪರೀಕ್ಷೆ ಇಲ್ಲ ಅನ್ನುವ ವಾಟ್ಸಾಪ್ ಮಾತು ಬಿಡಿ. ಅವರೂ ಊಟದಿಂದ ಶುರು ಮಾಡಿದವರು ಅಂದರೆ ನಂಬುತ್ತೀರಾ? ಶಾಲೆಯಲ್ಲಿ ಉಚಿತ ಊಟ ಕೊಡುವ ಕಾನೂನು ಅಲ್ಲಿ 1943ರಲ್ಲಿ ಬಂತು, 1948ರಿಂದ ಎಲ್ಲ ಕಡೆ ಜಾರಿಯಾಯಿತು. ಎಲ್ಲ ಮಕ್ಕಳಿಗೂ ಒಂಬತ್ತು ವರ್ಷ ಒಂದೇ ತರದ ಶಾಲೆ ಅನ್ನುವ ಕಾನೂನು 1968ರದ್ದು. ಅದನ್ನು ರಾಜಧಾನಿಯಿಂದ ಶುರು ಮಾಡಲಿಲ್ಲ. 1972ರಲ್ಲಿ ತುತ್ತತುದಿಯ, ಜನ ಕಡಿಮೆಯಿರುವ ಲ್ಯಾಪ್‌ಲ್ಯಾಂಡ್‌ನಲ್ಲಿ ಶುರು ಮಾಡಿದರು. ಹೆಲ್ಸಿಂಕಿ ಭಾಗಕ್ಕೆ ಬಂದಿದ್ದು 1977ರಲ್ಲಿ, ಕೊನೆಗೆ. 1979ರಿಂದ ಪ್ರಾಥಮಿಕ ಶಾಲೆಗೂ ಸ್ನಾತಕೋತ್ತರ ಪದವಿ ಆದವರೇ ಶಿಕ್ಷಕರಾಗಬೇಕು ಎಂದರು.

ಅದು ಸಣ್ಣ ದೇಶ, ಅಲ್ಲಿ ಆಗುತ್ತೆ ಅಂತೀರಿ. ಸರಿ. 2011ರ ಜನಗಣತಿಯಲ್ಲಿ ರಾಯಚೂರು, ಕೊಪ್ಪಳ, ಆಗ ಇನ್ನೂ ಒಂದೇ ಆಗಿದ್ದ ಬಳ್ಳಾರಿ, ಮೂರನ್ನು ಕೂಡಿಸಿ ನೋಡಿ. ಸುಮಾರು 58 ಲಕ್ಷ ಜನ. ಇಡೀ ಫಿನ್ಲೆಂಡ್ ಹೆಚ್ಚು ಕಡಿಮೆ ಅಷ್ಟೇ ಇದೆ. ಮೂರು ಜಿಲ್ಲೆಗಳನ್ನು ಮೊದಲು ಸರಿ ಮಾಡುತ್ತೇವೆ ಅಂತ ಕೂತರೆ ಅದು ದೊಡ್ಡ ದೇಶದ ಕೆಲಸ ಅಲ್ಲ.

ಸರಿ ಮಾಡೋದು ಅಂದರೆ ಏನು? ನನಗೆ ಕಾಣುವುದು ಮುಖ್ಯವಾಗಿ ಶಿಕ್ಷಕರು ನಿಲ್ಲೋದು. ಬೇರೆ ಕಡೆಯಿಂದ ಇಲ್ಲಿಗೆ ನೇಮಕವಾದವರು ವರ್ಗಾವಣೆ ತೆರೆದ ಕೂಡಲೇ ಅರ್ಜಿ ಹಾಕುತ್ತಾರೆ. ಅವರನ್ನು ಬೈಯಲ್ಲ, ಅವರ ಹೆಂಡತಿ ಮಕ್ಕಳೂ ಎಲ್ಲೋ ಇರುತ್ತಾರೆ. ಆದರೆ ಒಂದನೇ ತರಗತಿಯ ಮಗು ಐದನೇ ತರಗತಿಗೆ ಬರುವಷ್ಟರಲ್ಲಿ ಮೂವರು ಮಾಸ್ತರರನ್ನು ಕಂಡಿರುತ್ತೆ, ನಡುವೆ ಒಬ್ಬ ಅತಿಥಿ ಶಿಕ್ಷಕ. ಸಂವಿಧಾನದಲ್ಲಿ ನಮ್ಮ ಭಾಗಕ್ಕೆಂದೇ 371(ಜೆ) ವಿಧಿ ಬಂದ ಮೇಲೆ ಈ ಕಡೆಯವರಿಗೆ ನೌಕರಿಯಲ್ಲಿ ಮೀಸಲಾತಿ ಸಿಕ್ಕಿದೆ. ಹಾಗೆ ಬಂದ ನನ್ನ ಜೊತೆಗಾರ ಪಕ್ಕದ ಊರಿನವನು. ದಸರಾ ಆದ ಮೇಲೆ ಯಾವ ಮನೆಯವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಮಗುವನ್ನು ಯಾವ ಅಜ್ಜಿ ಹತ್ತಿರ ಬಿಡಿಸಬಹುದು, ಹತ್ತಿ ಬಿಡಿಸೋ ಕಾಲದಲ್ಲಿ ಯಾರನ್ನು ಬೆಳಿಗ್ಗೆಯೇ ಹೋಗಿ ಕರೆಯಬೇಕು, ಎಲ್ಲ ಅವನಿಗೆ ಗೊತ್ತು. ಮೂರನೇ ತರಗತಿ ಮುಗಿಸುವ ಮಗು ಅರ್ಥ ಮಾಡಿಕೊಂಡು ಓದಬೇಕು, 2026-27ರೊಳಗೆ ಇದು ಆಗಬೇಕು ಅನ್ನುತ್ತೆ ಕೇಂದ್ರದ ನಿಪುಣ್ ಭಾರತ್ ಯೋಜನೆ. ಒಳ್ಳೆಯ ಗುರಿ. ಆದರೆ ಯುಗಾದಿ ಹೊತ್ತಿಗೆ ವಾಪಸ್ ಬರುವ ಮಗುವಿಗೆ ಓದಿಸುವವರು ಇಂಥವರೇ.

ಇನ್ನು ನಿಮ್ಮ ಮಗಳ ವಿಷಯ. ಸಿಂಧನೂರಿನಲ್ಲಿ ಧಾರಾಳವಾಗಿ ಸರ್ಕಾರಿ ಶಾಲೆಗೆ ಹಾಕಬಹುದು, ನೋಡಿ ಹಾಕಿ. ಬೆಳಿಗ್ಗೆ ಪ್ರಾರ್ಥನೆ ಹೊತ್ತಿಗೆ ಹೋಗಬೇಡಿ, ಆಗ ಎಲ್ಲ ಶಾಲೆಯೂ ಚೆಂದ ಕಾಣುತ್ತೆ. ಊಟ ಮುಗಿದ ಮೇಲೆ, ಮೂರು ಗಂಟೆ ಸುಮಾರಿಗೆ ಹೋಗಿ. ಒಂದನೇ ತರಗತಿಗೆ ಯಾರು ಬರುತ್ತಾರೆ, ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿ. ಅವರು ಒಪ್ಪಿದರೆ ಮೂರನೇ ತರಗತಿಯ ಒಂದು ಮಗುವನ್ನು ಕರೆದು ಕನ್ನಡ ಪುಸ್ತಕ ಓದಿಸಿ. ಮೊದಲನೇ ಪಾಠ ಬೇಡ, ಅದು ಬಾಯಿಪಾಠ ಆಗಿರುತ್ತೆ. ಕೊನೆಯ ಪುಟಗಳಲ್ಲಿ ಯಾವುದಾದರೂ ತೆಗೆದು ಕೊಡಿ.